‘ನೋ ನೀಡ್ 50 ಕೆಜಿ’: ಒಂದು ಕಾಮಾ ಬಿಟ್ಟದ್ದಕ್ಕೆ ಮೈಲುತುತ್ತೇ ಬರ್ಲಿಲ್ಲ. ಇಂಗ್ಲಿಷ್‌ನಲ್ಲಿ ಈ ಚಿಹ್ನೆಗಳನ್ನು ಸರಿಯಾಗಿ ಹಾಕುವುದು ಹೇಗೆ ಮಾರಾಯ್ರೆ?

ತೋಟದ_ಲೆಕ್ಕ (ಬದಿಯಡ್ಕ)

ಎಲ್ರಿಗೂ ನಮಸ್ಕಾರ. ಮೊದಲೇ ಹೇಳ್ತೇನೆ, ಮೊಬೈಲ್‌ನಲ್ಲಿ ಮತ್ತೆ ಮತ್ತೆ ಕೀಬೋರ್ಡ್ ಬದಲಾಯಿಸುವ ರಗಳೆ ನನ್ನಿಂದ ಆಗುದಿಲ್ಲ, ಹಾಗಾಗಿ ಇಂಗ್ಲಿಷ್ ವಾಕ್ಯಗಳನ್ನೂ ಕನ್ನಡ ಅಕ್ಷರದಲ್ಲೇ ಬರೀತೇನೆ, ನೀವೂ ಹಾಗೇ ಬರೆದ್ರೆ ಓದ್ಲಿಕ್ಕೆ ಸುಲಭ.

ವಿಷಯ ಎಂತ ಅಂದ್ರೆ, ನಾವು ಕಾಸರಗೋಡು ಕಡೆಯ ಹನ್ನೆರಡು ಮನೆಯವರು ಸೇರಿ ಅಡಿಕೆಗೆ ಮದ್ದು ಬಿಡ್ಲಿಕ್ಕೆ ಬೇಕಾದ ಮೈಲುತುತ್ತನ್ನು ಒಟ್ಟಿಗೆ ತರಿಸುವುದು, ಬಿಡಿಯಾಗಿ ತೆಗೊಂಡ್ರೆ ರೇಟ್ ಕೇಳ್ಲಿಕ್ಕಿಲ್ಲ. ಮೆಸೇಜ್ ಮಾಡುವ ಕೆಲಸ ನನ್ನ ತಲೆಗೆ ಬಂದದ್ದು ಡಿಗ್ರಿ ಓದಿದವಳು ಅಂತ. ಸಪ್ಲೈ ಮಾಡುವವರು ಕೊಯಮತ್ತೂರು ಕಡೆಯವರು. ಅವರಿಗೆ ಕನ್ನಡ ಇಲ್ಲ, ನನಗೆ ತಮಿಳು ಇಲ್ಲ, ಮಲಯಾಳ ಮಾತಾಡ್ತೇನೆ ಆದ್ರೆ ಒಂದರಿಂದ ಹತ್ತರವರೆಗೆ ಕನ್ನಡ ಮೀಡಿಯಂ, ಬರೀಲಿಕ್ಕೆ ಕೈ ಓಡುದಿಲ್ಲ. ಕೊನೆಗೆ ಇಬ್ಬರಿಗೂ ಅರ್ಧಂಬರ್ಧ ಬರುವ ಇಂಗ್ಲಿಷೇ ಗತಿ.

ಮೇ ಕೊನೆಯಲ್ಲಿ ಅವರು ಕೇಳಿದ್ರು, ಮೊದಲು ಕಳಿಸಿದ್ದು ಸಾಕಾ ಅಂತ, ‘ಈಸ್ ಇಟ್ ಎನಫ್’. ಒಲೆಯಲ್ಲಿ ಹಾಲು ಉಕ್ಕುವ ಹೊತ್ತು, ನಾನು ಗಡಿಬಿಡಿಯಲ್ಲಿ ಹೀಗೆ ಒತ್ತಿದೆ:

ನೋ ನೀಡ್ 50 ಕೆಜಿ ಮೋರ್

ನನ್ನ ಮನಸ್ಸಿನಲ್ಲಿದ್ದದ್ದು ‘ಇಲ್ಲ, ಇನ್ನೂ 50 ಕೆಜಿ ಬೇಕು’. ಅವರು ಓದಿದ್ದು ‘ಇನ್ನು 50 ಕೆಜಿ ಬೇಡ’. ಹೆಬ್ಬೆಟ್ಟು ತೋರಿಸುವ ಇಮೋಜಿ ಹಾಕಿ ಸುಮ್ಮನಾದ್ರು. ಆ ಹೆಬ್ಬೆಟ್ಟು ನೋಡಿ ನಾನೂ ಸುಮ್ಮನಾದೆ. ಸುಣ್ಣ ಎಲ್ಲ ತಂದಿಟ್ಟು, ಮರ ಹತ್ತುವವರಿಗೆ ದಿನ ಹೇಳಿ, ಡ್ರಮ್ ತೊಳೆದಿಟ್ಟು ಹತ್ತು ದಿನ ಕಾದದ್ದು, ಲಾರಿಯ ಸುದ್ದಿಯೇ ಇಲ್ಲ. ಫೋನ್ ಮಾಡಿದಾಗ ವಿಷಯ ಗೊತ್ತಾಯ್ತು, ಅಷ್ಟರಲ್ಲಿ ಮಳೆ ಹಿಡಿದಾಗಿತ್ತು. ಆರು ಮನೆಯವರ ಮೊದಲ ಮದ್ದು ತಡವಾಗಿ ಎರಡು ಕಡೆ ಮಹಾಳಿ, ಅಂದ್ರೆ ಅಡಿಕೆಯ ಕೊಳೆರೋಗ, ಕಾಣಿಸಿದೆ. ತಪ್ಪು ನನ್ನದೇ, ಅವರದ್ದಲ್ಲ. ಅಪ್ಪ ಈಗ್ಲೂ ಊಟಕ್ಕೆ ಕೂತಾಗ ‘ನೋ ನೀಡ್ ಸಾಂಬಾರ್’ ಅಂತ ಹೇಳಿ ಬಟ್ಟಲು ಮುಂದೆ ಹಿಡೀತಾರೆ.

ನನ್ನ ಪ್ರಶ್ನೆ ಇಷ್ಟೇ. ಶಾಲೆಯಲ್ಲಿ ‘ಉಸಿರು ತೆಗೊಳ್ಳುವಲ್ಲಿ ಕಾಮಾ, ನಿಲ್ಲಿಸುವಲ್ಲಿ ಫುಲ್‌ಸ್ಟಾಪ್’ ಅಂತ ಕಲಿತದ್ದು. ಅದು ಸಾಕಾ? ನಾನು ಮನಸ್ಸಿನಲ್ಲಿ ಉಸಿರು ತೆಗೊಂಡಿದ್ದೆ ಮಾರಾಯ್ರೆ, ಕಾಮಾ ಮಾತ್ರ ಬೀಳ್ಲಿಲ್ಲ.

ಉಪ್ಪಳ_ಟು_ದುಬೈ

ಹಹಹ ‘ನೋ ನೀಡ್’ ನಾವು ದಿನಕ್ಕೆ ನೂರು ಸಲ ಹೇಳುದು. ಅಕ್ಕ ಬೇಜಾರ್ ಮಾಡ್ಬೇಡಿ, ಇದು ಗ್ರಾಮರಿನ ವಿಷಯವೇ ಅಲ್ಲ, ಅರ್ಧ ನಿಮಿಷ ಫೋನ್ ಮಾಡಿದ್ರೆ ಮುಗೀತಿತ್ತು. ಇಲ್ಲಿ ನಮ್ಮ ಆಫೀಸ್‌ನಲ್ಲಿ ಹತ್ತು ದೇಶದವರಿದ್ದಾರೆ, ಒಬ್ಬನೂ ಕಾಮಾ ಹಾಕುದಿಲ್ಲ, ಕೆಲಸ ನಡೀತದೆ

ಮಾಷ್ಟ್ರು_ಮುಳ್ಳೇರಿಯ

ದುಬೈಯ ತಮ್ಮನಿಗೆ: ಕೆಲಸ ನಡೆದದ್ದು ಮಾತ್ರ ನಿಮಗೆ ಕಾಣುವುದು, ನಿಂತದ್ದು ಯಾರ ಲೆಕ್ಕದಲ್ಲೋ ಹೋಗಿರ್ತದೆ.

ತೋಟದ ಲೆಕ್ಕದ ತಂಗಿಗೆ: ಆ ‘ಉಸಿರಿನ ಪಾಠ’ ಮಾಡಿದವರಲ್ಲಿ ನಾನೂ ಒಬ್ಬ. ಮೂವತ್ತು ವರ್ಷ ಕನ್ನಡ ಮೀಡಿಯಂ ಮಕ್ಕಳಿಗೆ ಇಂಗ್ಲಿಷ್ ಕಲಿಸಿ ರಿಟೈರ್ ಆದೆ. ಸುಳ್ಳು ಹೇಳಿದ್ದಲ್ಲ, ಜೋರಾಗಿ ಓದ್ಲಿಕ್ಕೆ ಅದು ಸರಿ. ಬರೀಲಿಕ್ಕೆ ಸಾಲುದಿಲ್ಲ ಅಂತ ನನಗೆ ಗೊತ್ತಾಗುವಾಗ ಹದಿನೈದು ಬ್ಯಾಚ್ ಪಾಸಾಗಿ ಹೋಗಿತ್ತು.

ನಮಗೆ ಈ ಚಿಹ್ನೆಗಳು ಯಾಕೆ ಕಷ್ಟ ಅಂತ ಕೇಳಿದ್ರೆ ನಾನು ಹೇಳುವುದು ಒಂದೇ: ಕನ್ನಡದಲ್ಲಿ ಆ ಕೆಲಸವನ್ನು ಪದದ ಬಾಲವೇ ಮಾಡ್ತದೆ. ‘ಬರ್ತೀರಾ’ ಅಂದ್ರೆ ಕೊನೆಯ ‘ಆ’ಕಾರವೇ ಪ್ರಶ್ನಾರ್ಥಕ ಚಿಹ್ನೆ, ನೀವು ಕೊಕ್ಕೆ ಹಾಕದಿದ್ರೂ ಅದು ಪ್ರಶ್ನೆಯೇ. ‘ಅಂತ’ ಅಂದ್ರೆ ಉದ್ಧರಣ ಚಿಹ್ನೆ, ಅವನ ಮಾತು ಎಲ್ಲಿ ಮುಗೀತು ಅಂತ ಅದೇ ತೋರಿಸ್ತದೆ. ‘ತೆಂಗೂ ಅಡಿಕೆಯೂ ಕರಿಮೆಣಸೂ’ ಅಂದ್ರೆ ಮೂರು ‘ಊ’ಗಳು ಮೂರು ಕಾಮಾ. ಕ್ರಿಯಾಪದ ವಾಕ್ಯದ ಕೊನೆಗೇ ಬಂದು ಕೂರುವುದರಿಂದ ಅದೇ ಫುಲ್‌ಸ್ಟಾಪು. ‘ಸಾಲದು ಇನ್ನೂ 50 ಕೆಜಿ ಬೇಕು’ ಅಂತ ಒಂದು ಚಿಹ್ನೆಯೂ ಇಲ್ಲದೆ ಬರೆದು ನೋಡಿ, ಯಾರಾದ್ರೂ ‘ಬೇಡ’ ಅಂತ ಓದ್ತಾರಾ? ಬೇಕು, ಬೇಡ ಎರಡು ಬೇರೆ ಬೇರೆ ಪದ, ಎರಡೂ ಕೊನೆಗೆ ಬರುವುದು.

ಇಂಗ್ಲಿಷ್‌ಗೆ ಈ ಬಾಲ ಇಲ್ಲ. ‘ಯು ಆರ್ ಕಮಿಂಗ್’ ಅನ್ನುವುದು ಹೇಳಿಕೆಯಾ ಪ್ರಶ್ನೆಯಾ ಅಂತ ಕೊಕ್ಕೆ ನೋಡಿಯೇ ತಿಳೀಬೇಕು. ನಿಮ್ಮ ‘ನೋ’ ಕೂಡ ಹಾಗೆ, ಮುಂದೆ ಕಾಮಾ ಇದ್ರೆ ಅದು ‘ಇಲ್ಲ’ ಅನ್ನುವ ಉತ್ತರ, ಇಲ್ಲದಿದ್ರೆ ಮುಂದಿನ ಪದಕ್ಕೆ ಅಂಟಿಕೊಂಡು ‘ಬೇಡ’. ಹಾಗಾಗಿ ನಿಮ್ಮ ಉಸಿರಿನ ಲೆಕ್ಕ ಬಿಡಿ. ಯಾವ ಪದ ಯಾವುದಕ್ಕೆ ಅಂಟಬೇಕು, ಯಾವುದಕ್ಕೆ ಅಂಟಬಾರದು ಅಂತ ನೋಡಿ ಹಾಕಿ.

ಪ್ಲಸ್‌ಟು_ಪೆರ್ಲ

ಸರ್ ಒಂದು ಡೌಟ್. ನಾನು ಕಂಪೊಸಿಶನ್‌ನಲ್ಲಿ ‘ಐ ವೆಂಟ್ ಟು ಕುಂಬ್ಳೆ, ಐ ಮೆಟ್ ಮೈ ಅಂಕಲ್, ವಿ ಹ್ಯಾಡ್ ಟೀ’ ಅಂತ ಬರೆದದ್ದಕ್ಕೆ ಟೀಚರ್ ಎರಡು ಕಡೆ ಕೆಂಪು ಗೆರೆ ಎಳೆದಿದ್ದಾರೆ. ಸ್ಪೆಲ್ಲಿಂಗ್ ಎಲ್ಲ ಸರಿ ಉಂಟು. ಕಾಮಾ ಹಾಕಿಯೂ ತಪ್ಪಾ??

ಮಾಷ್ಟ್ರು_ಮುಳ್ಳೇರಿಯ

ತಪ್ಪು ಮಗಾ. ಕನ್ನಡದಲ್ಲಿ ನೀನು ಹೇಗೆ ಹೇಳ್ತಿ? ‘ಕುಂಬ್ಳೆಗೆ ಹೋಗಿ, ಮಾವನನ್ನು ಕಂಡು, ಚಾ ಕುಡಿದೆವು’. ಹೋಗಿ, ಕಂಡು ಎರಡೂ ಅರ್ಧ ಕ್ರಿಯೆ, ಕೈ ಚಾಚಿಕೊಂಡು ನಿಂತಿರ್ತವೆ, ಮುಂದಿನದ್ದು ಬಂದು ಹಿಡ್ಕೊಳ್ಳಬೇಕು. ಅಲ್ಲಿ ಕಾಮಾ ಸಾಕು. ಆದ್ರೆ ನೀನು ಇಂಗ್ಲಿಷ್‌ಗೆ ತರುವಾಗ ‘ಐ ವೆಂಟ್’ ಅಂತ ಪೂರ್ತಿ ಮುಗಿದ ಕ್ರಿಯೆ ಮಾಡಿದ್ದಿ, ಆದ್ರೆ ಹಳೆಯ ಕಾಮಾವನ್ನು ಹಾಗೇ ಇಟ್ಟಿದ್ದಿ. ಮುಗಿದ ಎರಡು ವಾಕ್ಯವನ್ನು ಕಟ್ಲಿಕ್ಕೆ ಕಾಮಾಕ್ಕೆ ಒಬ್ಬನಿಗೇ ಶಕ್ತಿ ಇಲ್ಲ. ಒಂದೋ ಫುಲ್‌ಸ್ಟಾಪ್ ಹಾಕು, ಇಲ್ಲ ‘ಆ್ಯಂಡ್’, ‘ಬಟ್’ ಯಾವುದಾದ್ರೂ ಕೊಂಡಿ ಕೊಡು, ಇಲ್ಲ ಸೆಮಿಕೋಲನ್, ಅಂದ್ರೆ ನಮ್ಮ ಅರ್ಧವಿರಾಮ.

‘ಹವೆವರ್’, ‘ದೇರ್‌ಫೋರ್’ ಇವನ್ನು ಕೊಂಡಿ ಅಂತ ನಂಬಬೇಡ. ‘ಐ ಸ್ಟಡೀಡ್ ವೆಲ್, ಹವೆವರ್ ಐ ಫೇಲ್ಡ್’ ತಪ್ಪು. ‘ಐ ಸ್ಟಡೀಡ್ ವೆಲ್; ಹವೆವರ್, ಐ ಫೇಲ್ಡ್’ ಸರಿ. ಫೇಲ್ ಆಗುವುದು ಬೇಡ, ಉದಾಹರಣೆಗೆ ಹೇಳಿದೆ.

ಕರಡು_ತಿದ್ದುವವ (ಮಂಜೇಶ್ವರ)

ನಾನು ದಿನಾ ತಲಪಾಡಿ ದಾಟಿ ಮಂಗಳೂರಿಗೆ ಹೋಗಿ ಪ್ರೂಫ್ ನೋಡುವ ಜನ, ಈ ಥ್ರೆಡ್ ನೋಡಿ ಬಸ್ಸಿನಲ್ಲೇ ಟೈಪ್ ಮಾಡ್ತಾ ಇದ್ದೇನೆ.

ಮಾಷ್ಟ್ರು ಹೇಳಿದ್ದರಲ್ಲಿ ನನ್ನದೊಂದು ತಕರಾರು ಉಂಟು. ಕನ್ನಡಕ್ಕೆ ಚಿಹ್ನೆ ಬೇಕೇ ಬೇಕು ಅಂತ ಇಲ್ಲ, ಒಪ್ಪುವಾ, ಆದ್ರೆ ಎಲ್ಲ ಕಡೆ ಬಾಲ ಕಾಪಾಡುದಿಲ್ಲ. ‘ಹಳೆ ವಿದ್ಯಾರ್ಥಿ ಸಂಘ’ ಅಂತ ಬೋರ್ಡ್ ನೋಡಿರ್ತೀರಿ, ಅಲ್ಲಿ ಹಳೆಯದ್ದು ಯಾವುದು, ಸಂಘವಾ ವಿದ್ಯಾರ್ಥಿಗಳಾ? ನಮಗೆ ರೂಢಿಯಿಂದ ಗೊತ್ತು ಅಷ್ಟೇ. ಇಂಗ್ಲಿಷ್‌ನಲ್ಲಾದ್ರೆ ‘ಓಲ್ಡ್-ಸ್ಟೂಡೆಂಟ್ಸ್’ ಅಂತ ನಡುವೆ ಒಂದು ಸಣ್ಣ ಗೆರೆ ಹಾಕಿದ್ರೆ ಸಂಶಯ ಹೋಯ್ತು. ಆ ಗೆರೆ ಹೈಫನ್, ಎರಡೂ ಬದಿ ಜಾಗ ಬಿಡಬಾರದು. ಉದ್ದ ಗೆರೆ ಡ್ಯಾಶ್, ಅದು ಬೇರೆ, ಮಾತನ್ನು ತುಂಡು ಮಾಡಿ ಇನ್ನೊಂದು ಮಾತು ಸೇರಿಸ್ಲಿಕ್ಕೆ.

ನನ್ನ ಟೇಬಲ್‌ಗೆ ಬರುವ ತಪ್ಪುಗಳಲ್ಲಿ ಮೊದಲನೆಯದ್ದು ಸ್ಪೇಸ್. ಪದ ಮುಗಿದ ಮೇಲೆ ಜಾಗ ಬಿಟ್ಟು ಕಾಮಾ ಹಾಕ್ತಾರೆ, ಆಮೇಲೆ ಜಾಗವೇ ಬಿಡದೆ ಮುಂದಿನ ಪದ. ಉಲ್ಟಾ ಆಗ್ಬೇಕು. ಚಿಹ್ನೆ ಹಿಂದಿನ ಪದದ ಮಗು, ಅದರ ಕೈ ಹಿಡ್ಕೊಂಡಿರಬೇಕು. ಇಲ್ಲದಿದ್ರೆ ಕಂಪ್ಯೂಟರ್ ಸಾಲು ಮುರಿಯುವಾಗ ಕಾಮಾ ಒಂಟಿಯಾಗಿ ಮುಂದಿನ ಸಾಲಿನ ತಲೆಗೆ ಬಂದು ಕೂರ್ತದೆ, ಮದುವೆ ಕಾಗದದಲ್ಲಿ ಹಾಗಾದದ್ದು ನಾನೇ ನೋಡಿದ್ದೇನೆ.

ಎರಡನೆಯದ್ದು ಅಪಾಸ್ಟ್ರಫಿ. ಪದದ ಕೊನೆಗೆ ‘ಎಸ್’ ಕಂಡ ಕೂಡ್ಲೇ ತಲೆ ಮೇಲೊಂದು ಕೊಕ್ಕೆ. ಅಂಗಡಿ ಬೋರ್ಡಿನಲ್ಲಿ ‘ಜ್ಯೂಸಸ್‌’ಗೆ ಕೊಕ್ಕೆ, ‘ಫೋಟೋಸ್‌’ಗೆ ಕೊಕ್ಕೆ. ಬಹುವಚನಕ್ಕೆ ಕೊಕ್ಕೆ ಇಲ್ಲ ಸ್ವಾಮಿ. ಕೊಕ್ಕೆಗೆ ಇರುವುದು ಮುಖ್ಯವಾಗಿ ಎರಡೇ ಕೆಲಸ, ಒಂದು ನಮ್ಮ ಷಷ್ಠಿಯ ‘ಅ’ ಇದ್ದ ಹಾಗೆ, ರಾಮನ ಅನ್ನುವಲ್ಲಿ. ಇನ್ನೊಂದು ಅಕ್ಷರ ನುಂಗಿದ ಗುರುತು, ‘ಡು ನಾಟ್’ ಹೋಗಿ ‘ಡೋಂಟ್’ ಆದಲ್ಲಿ. ಇಲ್ಲಿ ಒಂದು ಕುತ್ತ ಉಂಟು: ‘ಅದರ’ ಅನ್ನುವ ಅರ್ಥದ ‘ಇಟ್ಸ್’ಗೆ ಕೊಕ್ಕೆ ಇಲ್ಲ, ‘ಅದು ಆಗಿದೆ’ ಅನ್ನುವ ‘ಇಟ್ ಈಸ್’ ಕುಗ್ಗಿ ಆದ ‘ಇಟ್ಸ್’ಗೆ ಕೊಕ್ಕೆ ಉಂಟು. ‘ಹಿಸ್’ ಅನ್ನುವುದಕ್ಕೆ ಕೊಕ್ಕೆ ಇಲ್ಲವಲ್ಲ, ‘ಅದರ’ ಕೂಡ ಅದೇ ಜಾತಿ ಅಂತ ನೆನಪಿಟ್ಟುಕೊಳ್ಳಿ.

ಬಸ್ ಸ್ಟಾಪ್ ಬಂತು, ಉಳಿದದ್ದು ಸಂಜೆ.

ಗಡಿನಾಡ_ಹುಡುಗ

ಎಲ್ಲಾ ಸರಿ, ನಾವು ಯಾಕೆ ಇಂಗ್ಲಿಷಿನ ಹಿಂದೆ ಬೀಳ್ಬೇಕು? 1969ರ ಕೇರಳ ಭಾಷಾ ಕಾಯ್ದೆಯಲ್ಲಿ ಕನ್ನಡ ಅಲ್ಪಸಂಖ್ಯಾತರು ಸರಕಾರಕ್ಕೆ ಕನ್ನಡದಲ್ಲೇ ಬರೀಬಹುದು, ಉತ್ತರವೂ ಕನ್ನಡದಲ್ಲೇ ಸಿಗ್ಬೇಕು ಅಂತ ಉಂಟು. ಮೊದಲು ಅದನ್ನು ಕೇಳಿ ಪಡ್ಕೊಳ್ಳಿ, ಕಾಮಾ ಆಮೇಲೆ.

ತೋಟದ_ಲೆಕ್ಕ (ಬದಿಯಡ್ಕ)

ತಮ್ಮಾ ವಿಲೇಜ್ ಆಫೀಸಿಗೆ ನಾನು ಕನ್ನಡದಲ್ಲೇ ಅರ್ಜಿ ಕೊಡುದು. ಆದ್ರೆ ಮೈಲುತುತ್ತು ಕಳಿಸುವುದು ಸರಕಾರ ಅಲ್ಲವಲ್ಲ.

ಜತ್ತ_ಜೋಳ

ನಮಸ್ಕಾರ್ರೀ ಎಲ್ಲಾರಿಗೂ. ನಾವು ಸಾಂಗ್ಲಿ ಜಿಲ್ಲಾದ ಜತ್ತ ತಾಲೂಕಿನವರು, ನಿಮ್ಮಂಗ ನಮ್ದೂ ಗಡಿ, ದಿಕ್ಕ ಬ್ಯಾರೆ ಅಷ್ಟ. ಮನ್ಯಾಗ ಕನ್ನಡ, ಕಚೇರ್ಯಾಗ ಮರಾಠಿ, ಮ್ಯಾಲಿನ ಸಾಹೇಬರಿಗೆ ಇಂಗ್ಲಿಷ್.

ನಮ್ಮ ಕಡೆ ಒಂದ್ ತಪ್ಪ ಎಲ್ಲಾರೂ ಮಾಡ್ತೀವ್ರೀ, ‘ಹಿ ಟೋಲ್ಡ್ ದ್ಯಾಟ್, ಹಿ ವಿಲ್ ಕಮ್’. ದ್ಯಾಟ್ ಆದಮ್ಯಾಲ ಕಾಮಾ. ಯಾಕಂದ್ರ ಮರಾಠ್ಯಾಗ ‘ಕೀ’ ಅಂತ ಬರದು ಮುಂದ ಕಾಮಾ ಹಾಕೂದು ರೂಢಿ, ಸಾಲ್ಯಾಗ ಹಂಗ ಕಲಿಸ್ಯಾರ. ಇಂಗ್ಲಿಷ್‌ನ್ಯಾಗ ದ್ಯಾಟ್ ಮುಂದ ಕಾಮಾ ಬರಂಗಿಲ್ಲ ಅಂತ ನನಗ ಗೊತ್ತಾಗಿದ್ದು ನಮ್ಮ ಸಾಹೇಬರು ಒಂದ ಪತ್ರದಾಗ ಹನ್ನೊಂದು ಕಾಮಾ ಹೊಡದು ವಾಪಸ್ ಕೊಟ್ಟಾಗ. ಹನ್ನೊಂದ್ರೀ! ಎಣಿಸೇನಿ.

ಮಾಷ್ಟ್ರು_ಮುಳ್ಳೇರಿಯ

ಇದು ನನಗೆ ಹೊಸ ವಿಷಯ, ಥ್ಯಾಂಕ್ಸ್. ನಮ್ಮಲ್ಲೂ ‘ಅವರು ಹೇಳಿದ್ದೇನೆಂದರೆ,’ ಅಂತ ಒಂದು ಕಾಮಾ ಹಾಕಿ ನಿಲ್ತೇವೆ, ಅದೇ ಚಾಳಿ ‘ದ್ಯಾಟ್’ಗೆ ಹೋಗುದು. ಅದರ ಅಕ್ಕತಂಗಿ ಇನ್ನೊಂದು ತಪ್ಪುಂಟು, ಕರ್ತೃ ಉದ್ದ ಆದ ಕೂಡ್ಲೇ ಸುಸ್ತಾಗಿ ಕಾಮಾ ಹಾಕುವುದು: ‘ದಿ ಶಾಪ್ ನಿಯರ್ ಬದಿಯಡ್ಕ ಬಸ್ ಸ್ಟ್ಯಾಂಡ್, ಈಸ್ ಕ್ಲೋಸ್ಡ್’. ಅಂಗಡಿಗೂ ಮುಚ್ಚಿದ್ದಕ್ಕೂ ನಡುವೆ ಬೇಲಿ ಹಾಕಿದ ಹಾಗೆ. ಉಸಿರಿನ ಪಾಠದಿಂದ ಬಂದ ರೋಗ ಇದು, ನನ್ನದೇ ಪಾಪ.

ಇನ್ನೊಂದು, ‘ಐ ವಾಂಟ್ ಟು ನೋ ವೆನ್ ಯು ವಿಲ್ ಸೆಂಡ್’ ಅನ್ನುವುದಕ್ಕೆ ಕೊನೆಯಲ್ಲಿ ಪ್ರಶ್ನಾರ್ಥಕ ಹಾಕ್ಬಾರದು. ‘ಯಾವಾಗ ಕಳಿಸ್ತೀರಿ ಅಂತ ಗೊತ್ತಾಗ್ಬೇಕು’ ಅಂದ ಹಾಗೆ, ಅದು ಹೇಳಿಕೆ.

ಉಪ್ಪಳ_ಟು_ದುಬೈ

ಮಾಷ್ಟ್ರೆ ಇಷ್ಟೆಲ್ಲ ನೆನಪಿಟ್ಟು ಮೆಸೇಜ್ ಹಾಕುವಾಗ ಆಫೀಸ್ ಮುಚ್ತದೆ 😄 ನಿಜಕ್ಕೂ ಒಂದು ಕಾಮಾದಿಂದ ಯಾರಾದ್ರೂ ದುಡ್ಡು ಕಳ್ಕೊಂಡಿದ್ದಾರಾ, ಅಕ್ಕನ ತುತ್ತು ಬಿಟ್ಟು?

ಕರಿಕೋಟು (ಹೊಸಂಗಡಿ)

ಕಳ್ಕೊಂಡಿದ್ದಾರೆ. ಕೆನಡಾದಲ್ಲಿ ನಡೆದ ವ್ಯಾಜ್ಯ, ಲಾ ಓದುವಾಗ ಕೇಳಿದ್ದು, ಮರೀಲಿಕ್ಕೆ ಆಗುದಿಲ್ಲ. ರೋಜರ್ಸ್ ಅಂತ ಕೇಬಲ್ ಕಂಪೆನಿ, ಅಲಯಂಟ್ ಅಂತ ಫೋನ್ ಕಂಪೆನಿ. ಕಂಬಗಳಿಗೆ ಕೇಬಲ್ ಕಟ್ಟುವ ಒಪ್ಪಂದ. ಅದರಲ್ಲಿದ್ದ ವಾಕ್ಯದ ತಾತ್ಪರ್ಯ ಇಷ್ಟು: ಒಪ್ಪಂದ ಐದು ವರ್ಷ ಇರ್ತದೆ, ಆಮೇಲೆ ಐದೈದು ವರ್ಷದ ಹಾಗೆ ಮುಂದುವರೀತದೆ, ಒಂದು ವರ್ಷ ಮೊದಲು ನೋಟೀಸು ಕೊಟ್ಟು ನಿಲ್ಲಿಸದ ಹೊರತು. ಆ ‘ಹೊರತು’, ಅಂದ್ರೆ ‘ಅನ್‌ಲೆಸ್’ಗೆ ಮುಂಚೆ ಒಂದು ಕಾಮಾ ಇತ್ತು. ಕೇಬಲಿನವರು ಮೊದಲ ಐದು ವರ್ಷ ಯಾರೂ ಅಲುಗಾಡಿಸ್ಲಿಕ್ಕಿಲ್ಲ ಅಂತ ನೆಮ್ಮದಿಯಲ್ಲಿದ್ದರು. ಫೋನಿನವರು ನಡುವೆಯೇ ನಿಲ್ಲಿಸ್ತೇವೆ, ರೇಟ್ ಏರಿಸ್ತೇವೆ ಅಂದ್ರು. 2006ರಲ್ಲಿ ಅಲ್ಲಿನ ಟೆಲಿಕಾಂ ನಿಯಂತ್ರಣ ಆಯೋಗ ಹೇಳಿದ್ದು, ಆ ಕಾಮಾ ಇರುವುದರಿಂದ ನೋಟೀಸಿನ ಮಾತು ಹಿಂದಿನ ಎರಡೂ ಭಾಗಕ್ಕೆ ಅಂಟ್ತದೆ, ಮೊದಲ ಐದು ವರ್ಷಕ್ಕೂ. ಕಾಮಾ ಇರದಿದ್ರೆ ಮುಂದುವರಿಕೆಗೆ ಮಾತ್ರ ಅಂಟ್ತಿತ್ತು. ಮಾಷ್ಟ್ರು ಹೇಳಿದ ಅಂಟಿನ ಲೆಕ್ಕವೇ ನೋಡಿ.

ಕಥೆಯ ಚಂದ ಇರುವುದು ಆಮೇಲೆ. ಕೆನಡಾ ನಮ್ಮ ಹಾಗೇ ಎರಡು ಭಾಷೆಯ ಊರು, ಆ ಒಪ್ಪಂದದ ಫ್ರೆಂಚ್ ಪ್ರತಿಯೂ ಇತ್ತು. ಕೇಬಲಿನವರು ಅದನ್ನು ತಂದು ತೋರಿಸಿದ್ರು, ಫ್ರೆಂಚ್‌ನಲ್ಲಿ ಎರಡರ್ಥಕ್ಕೆ ಜಾಗವೇ ಇರ್ಲಿಲ್ಲ, 2007ರಲ್ಲಿ ಆಯೋಗ ತನ್ನ ಮಾತನ್ನೇ ತಿರುಗಿಸ್ತು.

ನಮ್ಮಲ್ಲಿ ಕಾಯ್ದೆ ಓದುವಾಗ ಕಾಮಾಕ್ಕೆ ಅಷ್ಟು ಪಟ್ಟ ಇಲ್ಲ. 1952ರಲ್ಲಿ ಅಶ್ವಿನಿ ಕುಮಾರ್ ಘೋಷ್ ಕೇಸಿನಲ್ಲಿ ಸುಪ್ರೀಂ ಕೋರ್ಟ್ ಇದರ ಬಗ್ಗೆ ಮಾತಾಡಿದೆ, ಚಿಹ್ನೆ ಸಣ್ಣ ಅಂಶ, ಆದ್ರೆ ಜಾಗ್ರತೆಯಿಂದ ಚಿಹ್ನೆ ಹಾಕಿದ ಕಾಯ್ದೆಯಲ್ಲಿ ಅರ್ಥದ ಸಂಶಯ ಬಂದ್ರೆ ಅದಕ್ಕೂ ತೂಕ ಕೊಡ್ಬೇಕು ಅಂತ ಅದರ ಸಾರ. ಕರಾರುಪತ್ರ ಬರೆಸುವವರು ಮಾತ್ರ ಇದನ್ನು ನಂಬಿ ಕೂರ್ಬೇಡಿ, ಸಂಶಯ ಬರುವ ವಾಕ್ಯವನ್ನು ಎರಡು ಮಾಡಿ ಬರೆಸಿ.

ಉಪ್ಪಳ_ಟು_ದುಬೈ

ಸರಿ ಒಪ್ಪಿದೆ

ಕರಡು_ತಿದ್ದುವವ (ಮಂಜೇಶ್ವರ)

ವಾಪಸ್ ಬಸ್ಸಲ್ಲಿ. ಬೆಳಿಗ್ಗೆ ಬಿಟ್ಟದ್ದು: ಉದ್ಧರಣ ಚಿಹ್ನೆ. ಮೀನಿನ ಅಂಗಡಿಯವರು ‘ಫ್ರೆಶ್’ ಅನ್ನುವುದನ್ನು ಎರಡು ಬದಿ ಕೊಕ್ಕೆ ಹಾಕಿ ಬರೆಸ್ತಾರೆ, ಒತ್ತು ಕೊಡ್ಲಿಕ್ಕೆ ಅಂತ. ಇಂಗ್ಲಿಷ್ ಓದುವವನಿಗೆ ಅದು ‘ತಾಜಾ ಅಂತೆ’ ಅಂತ ಕೇಳ್ತದೆ. ಅಂತೆ! ಆ ಮೀನು ಯಾರು ತೆಗೊಳ್ತಾರೆ. ಒತ್ತು ಬೇಕಾದ್ರೆ ದಪ್ಪ ಅಕ್ಷರ ಮಾಡಿ.

ಇದೆಲ್ಲ ನಮಗೆ ಬಂದದ್ದೇ ಅಚ್ಚಿನ ಮೊಳೆಗಳ ಜೊತೆ. ಓಲೆಗರಿಯಲ್ಲಿ ಒಂದು ಗೀಟು, ಎರಡು ಗೀಟು, ಪದಗಳ ನಡುವೆ ಜಾಗ ಕೂಡ ಬಿಡ್ತಿರ್ಲಿಲ್ಲ. ಬಾಸೆಲ್ ಮಿಶನ್‌ನವರು ಮಂಗಳೂರಿನಲ್ಲಿ ಪ್ರೆಸ್ ಹಾಕಿ 1843ರಲ್ಲಿ ‘ಮಂಗಳೂರ ಸಮಾಚಾರ’ ತಂದ್ರಲ್ಲ, ಅಂಥ ಪ್ರೆಸ್‌ಗಳ ಕಾಲದಲ್ಲೇ ಯುರೋಪಿನ ಕಾಮಾ, ಫುಲ್‌ಸ್ಟಾಪುಗಳು ಕನ್ನಡದ ಸಾಲಿಗೆ ಬಂದು ಕೂತದ್ದು. ಸೆಮಿಕೋಲನ್ ಅಂತೂ 1490ರ ದಶಕದಲ್ಲಿ ವೆನಿಸ್‌ನ ಆಲ್ಡಸ್ ಮನೂಶಿಯಸ್ ಅನ್ನುವ ಮುದ್ರಕನ ಅಂಗಡಿಯಲ್ಲಿ ಹುಟ್ಟಿದ್ದು. ನಮ್ಮ ಜಾತಿಯವನು ಮಾಡಿದ ವಸ್ತು ನೋಡಿ, ಅದಕ್ಕೇ ನನಗೆ ಅದರ ಮೇಲೆ ಸ್ವಲ್ಪ ಪ್ರೀತಿ ಜಾಸ್ತಿ.

ಪ್ಲಸ್‌ಟು_ಪೆರ್ಲ

ಸರ್ ಮೂರು ಐಟಂ ಬರೆಯುವಾಗ ‘ಆ್ಯಂಡ್’ಗೆ ಮೊದಲು ಕಾಮಾ ಹಾಕ್ಬೇಕಾ ಬೇಡ್ವಾ, ಯೂಟ್ಯೂಬಲ್ಲಿ ಒಬ್ಬೊಬ್ರು ಒಂದೊಂದು ಹೇಳ್ತಾರೆ

ಕರಡು_ತಿದ್ದುವವ (ಮಂಜೇಶ್ವರ)

ಎರಡೂ ನಡೀತದೆ. ಅಮೆರಿಕದ ಪುಸ್ತಕಗಳಲ್ಲಿ ಹಾಕುವವರು ಜಾಸ್ತಿ, ಬ್ರಿಟಿಷ್ ಪದ್ಧತಿಯಲ್ಲಿ ಬಿಡುವವರು ಜಾಸ್ತಿ. ಒಂದು ಹಿಡ್ಕೊಂಡ್ರೆ ಕೊನೆವರೆಗೆ ಅದೇ. ‘ಮಿಸ್ಟರ್’ ಕುಗ್ಗಿಸಿದ್ದಕ್ಕೆ ಚುಕ್ಕೆ ಇಡುವುದು, ಬಿಡುವುದು ಕೂಡ ಹೀಗೇ.

ತೋಟದ_ಲೆಕ್ಕ (ಬದಿಯಡ್ಕ)

ಇದನ್ನೆಲ್ಲ ಓದಿ ನನ್ನ ಹಳೆ ಮೆಸೇಜುಗಳನ್ನು ತೆಗೆದು ನೋಡಿದೆ. ಗುಂಪಿನ ಲೆಕ್ಕದ ಪುಸ್ತಕದಲ್ಲಿ ಹೀಗೆ ಬರೆದಿದ್ದೇನೆ: ‘ದಿ ವರ್ಕರ್ಸ್, ಹು ಕೇಮ್ ಲೇಟ್, ವರ್ ಪೇಯ್ಡ್ ಹಾಫ್’. ತಡವಾಗಿ ಬಂದ ಕೆಲಸದವರಿಗೆ ಅರ್ಧ ಸಂಬಳ, ಸರಿ ಉಂಟಲ್ಲ?

ಮಾಷ್ಟ್ರು_ಮುಳ್ಳೇರಿಯ

ಅಯ್ಯೋ ತಂಗೀ. ಎಷ್ಟು ಜನ ತಡವಾಗಿ ಬಂದದ್ದು?

ತೋಟದ_ಲೆಕ್ಕ (ಬದಿಯಡ್ಕ)

ಎಂಟರಲ್ಲಿ ಇಬ್ಬರು.

ಮಾಷ್ಟ್ರು_ಮುಳ್ಳೇರಿಯ

ನಿಮ್ಮ ಎರಡು ಕಾಮಾಗಳ ಪ್ರಕಾರ ಎಂಟು ಜನವೂ ತಡ, ಎಂಟು ಜನಕ್ಕೂ ಅರ್ಧ. ಕಾಮಾಗಳ ನಡುವೆ ಹಾಕಿದ್ದು ಬರೀ ಹೆಚ್ಚಿನ ಮಾಹಿತಿ, ತೆಗೆದ್ರೂ ವಾಕ್ಯ ನಿಲ್ತದೆ: ಕೆಲಸದವರಿಗೆ ಅರ್ಧ ಸಂಬಳ. ಎರಡೂ ಕಾಮಾ ತೆಗೀರಿ, ಆಗ ‘ಹು ಕೇಮ್ ಲೇಟ್’ ಕೆಲಸದವರಿಗೆ ಅಂಟ್ತದೆ, ತಡವಾದ ಆ ಇಬ್ಬರಿಗೆ ಮಾತ್ರ. ಕನ್ನಡದಲ್ಲಿ ‘ತಡವಾಗಿ ಬಂದ ಕೆಲಸದವರು’ ಅಂದ್ರೆ ಇಬ್ಬರಾ ಎಂಟಾ ಅಂತ ಸಂದರ್ಭ ನೋಡಿ ತಿಳ್ಕೊಳ್ತೇವೆ, ಇಲ್ಲಿ ಬಾಲವೂ ಕಾಪಾಡುದಿಲ್ಲ. ಮಂಜೇಶ್ವರದವರ ತಕರಾರಿಗೆ ಇನ್ನೊಂದು ಅಂಕ ಕೊಟ್ಟಿದ್ದೇನೆ.

ತೋಟದ_ಲೆಕ್ಕ (ಬದಿಯಡ್ಕ)

ದೇವರೇ. ಪುಸ್ತಕ ಈಗ್ಲೇ ತಿದ್ದಿದೆ, ಉಳಿದ ಆರು ಜನಕ್ಕೆ ಇಂಗ್ಲಿಷ್ ಬಾರದ್ದು ನನ್ನ ಪುಣ್ಯ.

ತೋಟದ_ಲೆಕ್ಕ (ಬದಿಯಡ್ಕ)

ಎರಡು ದಿನ ಬಿಟ್ಟು ಅಪ್‌ಡೇಟ್. ಎರಡನೇ ಮದ್ದಿಗೆ ಇವತ್ತು ಆರ್ಡರ್ ಹಾಕಿದೆ. ಈ ಸಲ ಹಾಲು ಇಳಿಸಿ, ಕೂತು, ಮೂರು ಸಲ ಓದಿ ಕಳಿಸಿದ್ದು:

ಪ್ಲೀಸ್ ಸೆಂಡ್ 50 ಕೆಜಿ. ಕ್ಯಾನ್ ಯು ಸೆಂಡ್ ಇಟ್ ಬಿಫೋರ್ ಫ್ರೈಡೇ?

ಫುಲ್‌ಸ್ಟಾಪ್ ಉಂಟು, ಪ್ರಶ್ನಾರ್ಥಕ ಉಂಟು, ಸ್ಪೇಸ್ ಕೂಡ ಸರಿ ಉಂಟು. ಹತ್ತು ನಿಮಿಷದಲ್ಲಿ ಅವರ ಉತ್ತರ ಬಂತು, ಇದ್ದ ಹಾಗೇ ಹಾಕಿದ್ದೇನೆ:

ನೋ ಸ್ಟಾಕ್ ಪ್ರಾಬ್ಲಮ್

ಮಾಷ್ಟ್ರೆ, ಸ್ಟಾಕಿಗೆ ತೊಂದರೆ ಇಲ್ಲ ಅಂತಲಾ, ಇಲ್ಲ, ಸ್ಟಾಕಿನ ತೊಂದರೆ ಅಂತಲಾ? ಫೋನ್ ಮಾಡ್ತಾ ಇದ್ದೇನೆ, ಎತ್ತುತ್ತಾ ಇಲ್ಲ.